ಅಳಿಸಿದ ಟೇಪುಗಳ ನಡುವೆ ಷೀಲಾ

ಆಸ್ಟ್ರೇಲಿಯಾದ ‘ಪ್ರಿಸನರ್’ ಧಾರಾವಾಹಿಯ 692 ಕಂತುಗಳೂ ಇಂದಿಗೂ ನೋಡಲು ಸಿಗುತ್ತವೆ. 1979ರ ಫೆಬ್ರುವರಿಯಲ್ಲಿ ಶುರುವಾಗಿ 1986ರ ಡಿಸೆಂಬರಿನಲ್ಲಿ ಮುಗಿದ, ವೆಂಟ್‌ವರ್ತ್ ಎಂಬ ಕಲ್ಪಿತ ಹೆಂಗಸರ ಜೈಲಿನ ಕಥೆ ಅದು. ಅದರಲ್ಲಿ ಲಿಜ್ಜಿ ಬರ್ಡ್ಸ್‌ವರ್ತ್ ಎಂಬ ಮುದುಕಿಯೊಬ್ಬಳು ಬರುತ್ತಾಳೆ. ಸುಕ್ಕುಗಟ್ಟಿದ ಮುಖ, ಬೆರಳ ಸಂದಿಯಲ್ಲಿ ಸಿಗರೇಟು, ಹೃದಯದ ಕಾಯಿಲೆ, ಎಲ್ಲಾದರೂ ಒಂದು ಗುಟುಕು ಮದ್ಯ ಸಿಕ್ಕೀತೇ ಎಂಬ ಆಸೆ. ಕುರಿಗಳ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡುತ್ತಿದ್ದ ಇವಳು ಅವರಿಗೆ ವಿಷವಿಕ್ಕಿದಳು ಎಂಬುದು ಆರೋಪ. ಬದುಕಿನ ಬಹುಪಾಲು ಜೈಲಿನಲ್ಲಿ ಕಳೆದ ಮೇಲೆ, ಕೊಂದವಳು ಇವಳಲ್ಲ ಎಂದು ಗೊತ್ತಾಗುತ್ತದೆ. ಸುಮಾರು 400 ಕಂತುಗಳಲ್ಲಿ ಲಿಜ್ಜಿಯಾಗಿ ನಟಿಸಿದವರು ಷೀಲಾ ಫ್ಲಾರನ್ಸ್.

ಆ ಪಾತ್ರ ಕೈಗೆ ಬಂದಾಗ ಷೀಲಾ ಅವರಿಗೆ 62 ವರ್ಷ. ನನ್ನ ಹುಡುಕಾಟ ಹುಟ್ಟಿದ್ದೇ ಆ ಸಂಖ್ಯೆಯಿಂದ. ಅರವತ್ತೆರಡನೆಯ ವಯಸ್ಸಿನಲ್ಲಿ ಕ್ಯಾಮೆರಾದ ಮುಂದೆ ಅಷ್ಟು ನಿರಾಳವಾಗಿ ನಿಲ್ಲುವ ನಟಿ ರಾತ್ರೋರಾತ್ರಿ ತಯಾರಾಗಿರಲು ಸಾಧ್ಯವಿಲ್ಲ. ಅದಕ್ಕೆ ಮೊದಲಿನ ನಾಲ್ಕು ದಶಕ ಎಲ್ಲಿ ಹೋಯಿತು? ದಾಖಲೆಗಳಲ್ಲಿ ಎಲ್ಲಿ ಹುಡುಕಿದರೂ ಮೊದಲು ಎದುರಾಗುವವಳು ಲಿಜ್ಜಿ. ಅವಳನ್ನು ದಾಟಿ ಹಿಂದಕ್ಕೆ ಹೋಗುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ.

ಮೊದಲು ತೆರೆದದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಸಂಗ್ರಹ. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಓದುವಂತೆ ಇಟ್ಟಿದ್ದಾರೆ. ಒಂದು ಕಡೆ ಪತ್ರಿಕೆಯ ಪುಟದ ಚಿತ್ರ, ಪಕ್ಕದಲ್ಲಿ ಯಂತ್ರ ಓದಿ ಇಳಿಸಿಕೊಂಡ ಅಕ್ಷರಗಳ ಪಟ್ಟಿ. ಮಸಿ ಹರಡಿದ ಕಡೆ, ಕಾಗದ ಮಡಚಿದ ಕಡೆ ಯಂತ್ರ ಎಡವುತ್ತದೆ. ಹಾಗೆ ಎಡವಿದ ಸಾಲುಗಳನ್ನು ಸಾರ್ವಜನಿಕರೇ ಕೂತು ತಿದ್ದುತ್ತಾರೆ, ಸಂಬಳವಿಲ್ಲದೆ. ಆ ಕೆಲಸ ಮಾಡುವವರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಅವರಿಲ್ಲದಿದ್ದರೆ ಸಣ್ಣ ಅಕ್ಷರದ ನಾಟಕ ವಿಮರ್ಶೆಗಳ ಕೊನೆಯಲ್ಲಿ ಒತ್ತೊತ್ತಾಗಿ ತುರುಕಿದ ನಟನಟಿಯರ ಹೆಸರುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಷೀಲಾ ಅವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರದು ಫ್ಲಾರನ್ಸ್. ಆದರೆ ಊರಿನ ಹೆಸರೂ ಹೆಣ್ಣುಮಕ್ಕಳ ಹೆಸರೂ ಆದ ‘ಫ್ಲಾರೆನ್ಸ್’ ಎಲ್ಲರಿಗೂ ರೂಢಿ. ಅಚ್ಚುಮೊಳೆ ಜೋಡಿಸುವವರ ಕೈಯೂ ಅತ್ತ ವಾಲುವುದು ಸಹಜ. ಆದ್ದರಿಂದ ಎರಡೂ ಕಾಗುಣಿತದಲ್ಲಿ ಹುಡುಕಬೇಕು. ಎರಡನೆಯದರಲ್ಲಿ ಹುಡುಕಿದರೆ ಇಟಲಿಯ ಊರಿನಿಂದ ಹಿಡಿದು ದಾದಿ ನೈಟಿಂಗೇಲ್‌ವರೆಗೆ ಎಲ್ಲರೂ ಸಾಲುಗಟ್ಟಿ ಬರುತ್ತಾರೆ.

ಕಾಲದ ಗಡಿಯೂ ಇದೆ. ಕೃತಿಸ್ವಾಮ್ಯದ ಕಾರಣಕ್ಕೆ ಟ್ರೋವ್‌ನ ಬಹುತೇಕ ಪತ್ರಿಕೆಗಳು 1954ಕ್ಕೆ ನಿಂತುಬಿಡುತ್ತವೆ. ಮೆಲ್ಬರ್ನಿನ ‘ಆರ್ಗಸ್’ 1957ರಲ್ಲಿ ಮುಚ್ಚಿಹೋಗುವವರೆಗೂ ಸಿಗುತ್ತದೆ. ಮಹಿಳೆಯರ ವಾರಪತ್ರಿಕೆ ‘ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ’ 1982ರವರೆಗೆ, ‘ಕ್ಯಾನ್‌ಬೆರಾ ಟೈಮ್ಸ್’ 1995ರವರೆಗೆ ಸಿಗುತ್ತವೆ. ಹಾಗಾಗಿ ಹುಟ್ಟಿ ಬೆಳೆದು ಬಾಳಿನ ಬಹುಭಾಗ ಮೆಲ್ಬರ್ನಿನಲ್ಲೇ ಕಳೆದ ನಟಿಯ ಕೊನೆಯ ವರ್ಷಗಳನ್ನು ಮನೆಯಲ್ಲಿ ಕೂತು ಓದಬೇಕೆಂದರೆ ಕ್ಯಾನ್‌ಬೆರಾದ ಪತ್ರಿಕೆಯನ್ನೇ ನಂಬಬೇಕು.

ಷೀಲಾ ಹುಟ್ಟಿದ್ದು 1916ರ ಜುಲೈ 24ರಂದು. 1930ರ ದಶಕದಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ ಇಂಗ್ಲೆಂಡಿಗೆ ಹೊರಟುಹೋದರು. ಅಲ್ಲಿ ರೋಜರ್ ಆಯ್‌ಸ್ಟನ್ ಎಂಬುವರನ್ನು ಮದುವೆಯಾದರು. ಇಲ್ಲಿಂದ ಮುಂದೆ ದಾಖಲೆಗಳಲ್ಲಿ ಫ್ಲಾರನ್ಸ್ ಎಂದು ಹುಡುಕಿದರೆ ಬಾಗಿಲು ಮುಚ್ಚಿರುತ್ತದೆ. ಜನನ, ಮರಣ, ಯುದ್ಧ, ವಲಸೆ, ಎಲ್ಲ ರಿಜಿಸ್ಟರುಗಳಲ್ಲೂ ಅವರು ಗಂಡನ ಹೆಸರಿನ ಹಿಂದೆ ನಿಂತಿದ್ದಾರೆ. ಹೆಂಗಸರ ವೃತ್ತಿಜೀವನವನ್ನು ಹುಡುಕುವ ಯಾರಿಗೇ ಆದರೂ ಇದು ಪರಿಚಿತ ಕಷ್ಟ. ರಂಗದ ಮೇಲೆ ಒಂದು ಹೆಸರು, ಸರ್ಕಾರದ ಕಡತದಲ್ಲಿ ಇನ್ನೊಂದು.

ಯುದ್ಧದ ದಾಖಲೆಗಳ ಕಡೆ ನಾನು ಹೋದದ್ದು ಅಳುಕಿನಿಂದಲೇ. ಲಂಡನ್ನಿನ ಮೇಲೆ ಬಾಂಬು ಬಿದ್ದ ದಿನಗಳಲ್ಲಿ ಷೀಲಾ ತಮ್ಮ ಹಸುಗೂಸು ಮಗಳನ್ನು ಕಳೆದುಕೊಂಡರು. 1944ರಲ್ಲಿ ನಾರ್ಮಂಡಿಯ ಕದನದಲ್ಲಿ ರೋಜರ್ ಸತ್ತರು. ಯುದ್ಧದಲ್ಲಿ ಸತ್ತ ಬ್ರಿಟಿಷ್ ನಾಗರಿಕರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಏಳು ಸಂಪುಟಗಳಲ್ಲಿ ಬರೆಸಿಟ್ಟಿದೆ. ಅರವತ್ತು ಸಾವಿರಕ್ಕೂ ಮೀರಿದ ಹೆಸರುಗಳು. ಸಂಪುಟಗಳು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. ಪ್ರತಿ ನಮೂದೂ ಒಂದೇ ಅಚ್ಚಿನದು: ಹೆಸರು, ವಯಸ್ಸು, ಮನೆಯ ವಿಳಾಸ, ಇಂಥವರ ಮಗಳು ಅಥವಾ ಇಂಥವರ ಹೆಂಡತಿ, ಸತ್ತ ಜಾಗ. ಕೂಸುಗಳಾದರೆ ವಯಸ್ಸನ್ನು ತಿಂಗಳಲ್ಲಿ ಬರೆದಿರುತ್ತಾರೆ. ಅಷ್ಟೇ ಗಾತ್ರದ ಅಕ್ಷರದಲ್ಲಿ, ದೊಡ್ಡವರ ನಡುವೆಯೇ. ಆ ಮಗುವಿನ ಹೆಸರನ್ನು ಇಲ್ಲಿ ಎತ್ತಿ ಬರೆಯುವ ಅಗತ್ಯ ನನಗೆ ಕಾಣಲಿಲ್ಲ. ಆದರೆ ಈ ಸಾವು ಐವತ್ತು ವರ್ಷಗಳ ನಂತರ ಒಂದು ಸಿನಿಮಾದೊಳಗೆ ಬಂದು ಕೂರುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ.

ಯುದ್ಧ ಮುಗಿದ ಮೇಲೆ ಷೀಲಾ ಪೋಲೆಂಡಿನ ವಿಮಾನಪಡೆಯಲ್ಲಿದ್ದ ಜಾನ್ ಬಾಲಾವೈಡರ್ ಅವರನ್ನು ಮದುವೆಯಾದರು. 1948ರಲ್ಲಿ ಗಂಡ, ಮಕ್ಕಳೊಂದಿಗೆ ಮೆಲ್ಬರ್ನಿಗೆ ಮರಳಿದರು. ಹೊರಟಾಗ ಒಂದು ಹೆಸರು, ಮರಳುವಾಗ ಇನ್ನೊಂದು. ಮೆಲ್ಬರ್ನಿಗೆ ಬಂದ ಮೇಲೂ ಅವರನ್ನು ದುಃಖ ಬಿಡಲಿಲ್ಲ. 1950ರ ದಶಕದಲ್ಲಿ, ಆಗಷ್ಟೇ ದೊಡ್ಡವಳಾಗುತ್ತಿದ್ದ ಇನ್ನೊಬ್ಬ ಮಗಳನ್ನೂ ಕಳೆದುಕೊಂಡರು. ಹುಡುಕುತ್ತಾ ಹೋದಾಗ ಸಂತೋಷದ ಒಂದು ಎಳೆಯೂ ಸಿಕ್ಕಿತು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಊರಿನ ‘ಡ್ಯೂಕ್ಸ್’ ರಂಗಮಂದಿರದ ಮೊದಲ ಕಲಾ ನಿರ್ದೇಶಕ, ಮುಂದೆ ಮೆಲ್ಬರ್ನಿನ ವಿಕ್ಟೋರಿಯನ್ ಕಾಲೇಜ್ ಆಫ್ ದಿ ಆರ್ಟ್ಸ್‌ನ ನಾಟಕ ವಿಭಾಗವನ್ನು ಕಟ್ಟಿದ ಮೊದಲ ಡೀನ್, ಪೀಟರ್ ಆಯ್‌ಸ್ಟನ್. ರಂಗಭೂಮಿಯ ಚರಿತ್ರೆಯಲ್ಲಿ ಈ ಹೆಸರನ್ನು ಬಲ್ಲವರಿಗೆ ಅವರ ತಾಯಿ ಟಿವಿಯ ಲಿಜ್ಜಿ ಎಂದು ಥಟ್ಟನೆ ಹೊಳೆಯದು, ಮನೆತನದ ಹೆಸರು ಬೇರೆಯಾದ್ದರಿಂದ. ಷೀಲಾ ಅವರ ಜೀವನಚರಿತ್ರೆ ಬರೆದವರು ಹೆಲೆನ್ ಮಾರ್ಟಿನೋ. ಆ ಪುಸ್ತಕ ಇಲ್ಲದಿದ್ದರೆ ಮೂರು ಹೆಸರುಗಳ ಎಳೆಗಳನ್ನು ಒಂದೇ ಹೆಂಗಸಿನ ಬದುಕಾಗಿ ಹೆಣೆಯಲು ಹೊರಗಿನವರಿಗೆ ಬಹಳ ಕಾಲ ಬೇಕಾಗುತ್ತಿತ್ತು.

ಮರಳಿ ಬಂದ ಷೀಲಾ ಮೆಲ್ಬರ್ನಿನ ರಂಗಭೂಮಿಗೆ ಸೇರಿದರು. ನಾಟಕದ ದಾಖಲೆ ಎಂದರೆ ಹೆಚ್ಚಾಗಿ ಕರಪತ್ರ, ಪ್ರದರ್ಶನದ ಪುಸ್ತಿಕೆ, ಮರುದಿನದ ವಿಮರ್ಶೆ. ಅಡಿಲೇಡಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಬೆಳೆದ ‘ಆಸ್‌ಸ್ಟೇಜ್’ ಎಂಬ ಕೋಶ ಇವನ್ನೆಲ್ಲ ಒಂದೆಡೆ ಪೋಣಿಸುತ್ತದೆ: ಯಾವ ನಾಟಕ, ಯಾವ ಮಂದಿರ, ಎಂದಿನಿಂದ ಎಂದಿನವರೆಗೆ, ಯಾರ್‍ಯಾರು. ಬಹಳ ಉಪಯುಕ್ತ. ಆದರೆ ಅವರ ದನಿ ಹೇಗಿತ್ತು, ಮೌನವನ್ನು ಎಷ್ಟು ಹೊತ್ತು ಹಿಡಿಯುತ್ತಿದ್ದರು ಎಂಬುದಕ್ಕೆ ಯಾವ ಕೋಶದಲ್ಲೂ ಅಂಕಣವಿಲ್ಲ.

ಟಿವಿ ಬಂದ ಮೇಲಾದರೂ ಸ್ಥಿತಿ ಸುಧಾರಿಸಬೇಕಿತ್ತಲ್ಲವೇ? ನಾನೂ ಹಾಗೇ ನಿರೀಕ್ಷಿಸಿದ್ದೆ. ಮೆಲ್ಬರ್ನಿಗೆ ಟಿವಿ ಬಂದದ್ದು 1956ರ ನವೆಂಬರಿನಲ್ಲಿ, ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು. ಮೊದಮೊದಲು ನಾಟಕಗಳು ನೇರ ಪ್ರಸಾರ. ಆಮೇಲೆ 1964ರಲ್ಲಿ ಕ್ರಾಫರ್ಡ್ ಸಂಸ್ಥೆಯ ಪೊಲೀಸ್ ಸರಣಿ ‘ಹೋಮಿಸೈಡ್’ ಬಂತು. ರೇಡಿಯೊ ನಾಟಕಗಳಿಂದ ಬೆಳೆದ ಸಂಸ್ಥೆ ಅದು. ಹೋಮಿಸೈಡ್, ‘ಡಿವಿಷನ್ 4’, ‘ಮ್ಯಾಟ್‌ಲಾಕ್ ಪೊಲೀಸ್’ ಈ ಮೂರೂ ಮೆಲ್ಬರ್ನಿನ ರಂಗನಟರಿಗೆ ಅನ್ನ ಕೊಟ್ಟವು. ವಾರಕ್ಕೊಂದು ಕೊಲೆ, ವಾರಕ್ಕೊಂದು ಹೊಸ ಮನೆ, ಹೊಸ ಸಾಕ್ಷಿ. ಪತ್ತೇದಾರರು ಬದಲಾಗುತ್ತಿರಲಿಲ್ಲ, ಅವರು ಬಾಗಿಲು ತಟ್ಟಿದಾಗ ತೆರೆಯುವವರು ಪ್ರತಿ ವಾರ ಬೇರೆ. ಊರಿನ ನಟವರ್ಗ ಚಿಕ್ಕದು. ಹಾಗಾಗಿ ಒಬ್ಬರೇ ನಟಿ ಒಂದು ವರ್ಷ ಸತ್ತವನ ತಾಯಿ, ಇನ್ನೊಂದು ವರ್ಷ ಬಾಡಿಗೆ ಮನೆಯ ಒಡತಿ, ಮತ್ತೊಂದು ವರ್ಷ ಕೊಲೆಗಾರ್ತಿ. ಷೀಲಾ ಇಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರು. ಅವರ ವೈವಿಧ್ಯದ ಕಸುಬು ಪಳಗಿದ್ದು ಇಂಥ ಬಿಡಿ ಪಾತ್ರಗಳಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಒಂದು ಪೂರ್ತಿ ಬದುಕನ್ನು ತೋರಿಸಿ ಹೊರಡಬೇಕು. ಈ ಸರಣಿಗಳ ಪುಣ್ಯವೆಂದರೆ ಕ್ರಾಫರ್ಡ್‌ನವರು ಬಹಳಷ್ಟನ್ನು ಫಿಲ್ಮಿನ ಮೇಲೆ ಇಟ್ಟುಕೊಂಡಿದ್ದರು, ಮುಂದೆ ಡಿವಿಡಿಯಲ್ಲೂ ತಂದರು.

‘ಬೆಲ್‌ಬರ್ಡ್’ ಧಾರಾವಾಹಿಗೆ ಆ ಪುಣ್ಯವಿರಲಿಲ್ಲ. 1967ರಿಂದ 1977ರವರೆಗೆ ಸರ್ಕಾರಿ ವಾಹಿನಿ ಎಬಿಸಿ ಪ್ರಸಾರ ಮಾಡಿದ ಹಳ್ಳಿಯ ಕಥೆ ಇದು. ಮೆಲ್ಬರ್ನಿನ ರಿಪ್ಪನ್‌ಲೀ ಸ್ಟುಡಿಯೊದಲ್ಲಿ ತಯಾರಾಗುತ್ತಿತ್ತು. ಸಂಜೆ ಏಳರ ವಾರ್ತೆಗೆ ಮುಂಚೆ ಹದಿನೈದು ನಿಮಿಷ, ವಾರಕ್ಕೆ ನಾಲ್ಕು ದಿನ. ಹೊಲದಿಂದ ಬಂದು ಕೈಕಾಲು ತೊಳೆದು ವಾರ್ತೆಗೆ ಕಾಯುವವರು ಅದನ್ನು ನೋಡುತ್ತಿದ್ದರು. ಅದರಲ್ಲಿ ಚಾರ್ಲಿ ಎಂಬ ಪಾತ್ರ 1968ರಲ್ಲಿ ಗೋಧಿ ತುಂಬುವ ಎತ್ತರದ ಕಣಜದಿಂದ ಬಿದ್ದು ಸತ್ತದ್ದನ್ನು ಅಲ್ಲಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. 1970ರ ದಶಕದಲ್ಲಿ ಷೀಲಾ ಈ ಧಾರಾವಾಹಿಯಲ್ಲಿ ಡಾಸಿ ರಮ್ಸಿಯಾಗಿ ವರ್ಷಗಟ್ಟಲೆ ಇದ್ದರು. ಲಿಜ್ಜಿಗೆ ಮುಂಚೆ ಆಸ್ಟ್ರೇಲಿಯಾದ ಹಳ್ಳಿಗಾಡು ಅವರನ್ನು ಗುರುತಿಸಿದ್ದು ಡಾಸಿಯಾಗಿ.

ಈಗ ಡಾಸಿಯನ್ನು ನೋಡೋಣವೆಂದರೆ ಬೆಲ್‌ಬರ್ಡ್‌ನ ಸಾವಿರಕ್ಕೂ ಮೀರಿದ ಕಂತುಗಳಲ್ಲಿ ಬಹುಪಾಲು ಇಲ್ಲವೇ ಇಲ್ಲ. ಬೆಂಕಿ ಬಿದ್ದು ಹೋದದ್ದಲ್ಲ, ಕಳ್ಳತನವೂ ಅಲ್ಲ. ಅಳಿಸಿದ್ದು. ಆ ಕಾಲದ ವಿಡಿಯೊ ಟೇಪು ಎರಡಂಗುಲ ಅಗಲ, ರೀಲು ಭಾರ, ಬೆಲೆ ದುಬಾರಿ. ಆದರೆ ಮೇಲಿನದನ್ನು ಅಳಿಸಿ ಮತ್ತೆ ಬಳಸಬಹುದಿತ್ತು. ಮಕ್ಕಳು ಸ್ಲೇಟನ್ನು ಒರೆಸಿ ಮುಂದಿನ ಲೆಕ್ಕ ಬರೆಯುವಂತೆ ಟಿವಿ ಕೇಂದ್ರಗಳು ನಿನ್ನೆಯ ಕಂತಿನ ಮೇಲೆ ಇಂದಿನದನ್ನು ಬರೆದವು. ಮನೆಯಲ್ಲಿ ಮತ್ತೆ ನೋಡುವ ಸೌಕರ್ಯ ಆಗ ಇರಲಿಲ್ಲ, ಮರುಪ್ರಸಾರದ ಹಕ್ಕಿಗೆ ನಟರಿಗೆ ಹಣ ಕೊಡಬೇಕು, ಕಪಾಟು ತುಂಬಿದೆ. ಅಳಿಸಿದವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರು ಅಷ್ಟೆ. ಇದು ಎಬಿಸಿಯೊಂದರ ಕಥೆಯಲ್ಲ. 1972ರಲ್ಲಿ ಶುರುವಾಗಿ ಆಸ್ಟ್ರೇಲಿಯಾವನ್ನೇ ಕುಣಿಸಿದ ‘ನಂಬರ್ 96’ ಧಾರಾವಾಹಿಯ ಕಪ್ಪುಬಿಳುಪಿನ ಕಂತುಗಳಲ್ಲೂ ಬಹುಪಾಲು ಹೀಗೇ ಹೋದವು. ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಸ್ವತಂತ್ರ ಸಂಸ್ಥೆಯಾದದ್ದು 1984ರಲ್ಲಿ. ಅಷ್ಟು ಹೊತ್ತಿಗೆ ಬೆಲ್‌ಬರ್ಡ್ ಮುಗಿದು ಏಳು ವರ್ಷ ಕಳೆದಿತ್ತು.

ದೃಶ್ಯ ಹೋದರೂ ಕಾಗದದ ಮೇಲೆ ನನಗೆ ಭರವಸೆಯಿದೆ. ಎಬಿಸಿಯ ನಾಟಕಗಳ ಹಸ್ತಪ್ರತಿಗಳ ದೊಡ್ಡ ಸಂಗ್ರಹ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಟೈಪು ಮಾಡಿದ ಸಂಭಾಷಣೆಯಿಂದ ನಟನೆಯನ್ನು ಮರಳಿ ಕಟ್ಟಲಾಗದು, ನಿಜ. ಆದರೆ ಬರಹಗಾರರು ಒಬ್ಬ ನಟಿಯನ್ನು ನಂಬಿ ಎಷ್ಟು ಉದ್ದದ ಮಾತು ಬರೆಯುತ್ತಿದ್ದರು, ದೃಶ್ಯದ ಕೊನೆಯ ಮಾತನ್ನು ಯಾರ ಬಾಯಲ್ಲಿ ಇಡುತ್ತಿದ್ದರು ಎಂಬುದು ಹಸ್ತಪ್ರತಿಯಲ್ಲೇ ತಿಳಿಯುತ್ತದೆ.

ಬೆಲ್‌ಬರ್ಡ್ ಮುಗಿಯುತ್ತಿದ್ದ ಹೊತ್ತಿಗೇ ಮೆಲ್ಬರ್ನಿನ ಹೊರವಲಯದಲ್ಲಿ ಜಾರ್ಜ್ ಮಿಲ್ಲರ್ ಎಂಬ ಯುವ ವೈದ್ಯರು ಅಲ್ಪ ಹಣದಲ್ಲಿ ತಮ್ಮ ಮೊದಲ ಚಿತ್ರ ತೆಗೆಯುತ್ತಿದ್ದರು. ‘ಮ್ಯಾಡ್ ಮ್ಯಾಕ್ಸ್’. 1979ರಲ್ಲಿ ಬಿಡುಗಡೆಯಾಗಿ ಪ್ರಪಂಚ ಸುತ್ತಿದ ಈ ಚಿತ್ರದಲ್ಲಿ ಷೀಲಾ ಅವರದು ಮೇ ಸ್ವೈಸಿ ಎಂಬ ತೋಟದ ಮುದುಕಿಯ ಪಾತ್ರ. ನಾಯಕನ ಹೆಂಡತಿ ಜೆಸ್ಸಿಯನ್ನು ಬೈಕಿನ ಪುಂಡರು ಸುತ್ತುವರಿದಾಗ ಹಳೆಯ ಉದ್ದ ಕೋವಿ ಎತ್ತಿ ಅವರನ್ನೆಲ್ಲ ಕೊಟ್ಟಿಗೆಯೊಳಗೆ ಕೂಡಿಹಾಕುವವಳು ಈಕೆ. ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ನಡೆಯುವ ಮೇ, ಕೋವಿಯ ತೂಕಕ್ಕೆ ಮೈ ವಾಲಿದರೂ ಕಣ್ಣನ್ನು ಎದುರಾಳಿಯಿಂದ ತೆಗೆಯುವುದಿಲ್ಲ. ಚಿತ್ರೀಕರಣದಲ್ಲಿ ಕೋವಿ ಹಿಡಿದು ಓಡುವಾಗ ಷೀಲಾ ಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ವಾಪಸು ಬಂದು ಉಳಿದ ದೃಶ್ಯ ಮುಗಿಸಿಕೊಟ್ಟರು. ಅರವತ್ತು ದಾಟಿದವರು, ಸಣ್ಣ ಪಾತ್ರ, ಹೆಸರಿಲ್ಲದ ನಿರ್ದೇಶಕ, ಆದರೂ ಬಂದರು.

ಈ ಚಿತ್ರದ ದಾಖಲೆಯಲ್ಲೂ ಒಂದು ಬಿರುಕಿದೆ. 1980ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಹಂಚಿಕೆದಾರರು, ಆಸ್ಟ್ರೇಲಿಯಾದ ಉಚ್ಚಾರಣೆ ತಮ್ಮವರಿಗೆ ಅರ್ಥವಾಗದೆಂದು ಇಡೀ ಚಿತ್ರಕ್ಕೆ ಅಮೆರಿಕದವರ ದನಿ ಕೊಡಿಸಿದರು. ಇಂಗ್ಲಿಷ್ ಚಿತ್ರಕ್ಕೆ ಇಂಗ್ಲಿಷಿನಲ್ಲೇ ಡಬ್ಬಿಂಗ್! ಅಂದರೆ ಅಮೆರಿಕದ ಚಿತ್ರಮಂದಿರಗಳಲ್ಲಿ ಷೀಲಾ ಅವರ ಮುಖವಿತ್ತು, ದನಿ ಇರಲಿಲ್ಲ. ಅದೇ ಹೊತ್ತಿಗೆ ಲಾಸ್ ಏಂಜಲೀಸಿನ ಟಿವಿ ಕೇಂದ್ರವೊಂದು ಪ್ರಿಸನರ್ ಪ್ರಸಾರ ಮಾಡುತ್ತಿತ್ತು, ಅವರದೇ ದನಿಯಲ್ಲಿ. ಒಂದೇ ಊರಿನ ಪ್ರೇಕ್ಷಕರು ಚಿತ್ರಮಂದಿರದಲ್ಲಿ ಒಬ್ಬ ಷೀಲಾರನ್ನೂ ಮನೆಯಲ್ಲಿ ಇನ್ನೊಬ್ಬ ಷೀಲಾರನ್ನೂ ಕೇಳಿದ್ದಾರೆ.

ಪ್ರಿಸನರ್ ಉಳಿದುಬಂದ ಗುಟ್ಟು ಇಲ್ಲೇ ಇದೆ. ರೆಗ್ ಗ್ರಂಡಿ ಸಂಸ್ಥೆಗಾಗಿ ಇದನ್ನು ರೂಪಿಸಿದವರು ರೆಗ್ ವಾಟ್ಸನ್. ‘ನೇಬರ್ಸ್’ ಧಾರಾವಾಹಿಯನ್ನು ಸೃಷ್ಟಿಸಿದವರೂ ಅವರೇ. ಮೊದಲು ಯೋಚಿಸಿದ್ದು 16 ಕಂತು. ಜನ ಮೆಚ್ಚಿದ್ದರಿಂದ ಬೆಳೆಯಿತು. ಮೆಲ್ಬರ್ನಿನ ನುನಾವಾಡಿಂಗ್‌ನ ಸ್ಟುಡಿಯೊದಲ್ಲಿ ವಾರಕ್ಕೆ ಎರಡು ಗಂಟೆಯಷ್ಟು ಕಥೆ ತಯಾರಾಗುತ್ತಿತ್ತು. ಖಾಸಗಿ ಸಂಸ್ಥೆಗೆ ಟೇಪೇ ಸರಕು, ಹೊರದೇಶಗಳಿಗೆ ಮಾರಬೇಕು. ಬ್ರಿಟನ್ನಿನಲ್ಲಿ 1984ರಿಂದ ಊರೂರಿನ ವಾಹಿನಿಗಳು ಇದನ್ನು ‘ಪ್ರಿಸನರ್: ಸೆಲ್ ಬ್ಲಾಕ್ ಎಚ್’ ಎಂಬ ಹೆಸರಿನಲ್ಲಿ ತಡರಾತ್ರಿ ತೋರಿಸಿದವು. ಅಲ್ಲಿ ಹುಟ್ಟಿದ ಅಭಿಮಾನಿಗಳ ಬಳಗ ದೊಡ್ಡದು. ಮಾರಾಟವಾಗುವ ಟೇಪನ್ನು ಯಾರೂ ಅಳಿಸುವುದಿಲ್ಲ. ಡಾಸಿ ಹೋಗಿ ಲಿಜ್ಜಿ ಉಳಿದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಂಡಿಲ್ಲ. ನಟನೆಯ ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗೆಂದು ಲಿಜ್ಜಿಯನ್ನು ಕಡಿಮೆ ಮಾಡಿ ನೋಡಲು ನಾನು ಸಿದ್ಧನಿಲ್ಲ. ವ್ಯಾಲ್ ಲೇಮನ್ ಅವರ ಬೀ ಸ್ಮಿತ್ ಜೈಲಿನ ಯಜಮಾನಿ. ಕೊಲೆಟ್ ಮ್ಯಾನ್ ಅವರ ಡೊರೀನ್ ಯಾರಾದರೂ ಆಸರೆ ಕೊಟ್ಟಾರೆಯೇ ಎಂದು ಕಾಯುವ ಹುಡುಗಿ. ಇವರಿಬ್ಬರ ನಡುವೆ ಲಿಜ್ಜಿ ಅಜ್ಜಿಯೂ ಹೌದು, ತುಂಟ ಮಗುವೂ ಹೌದು. ನಿರಪರಾಧಿ ಎಂದು ಹೊರಬಂದ ಮೇಲೆ ಹೊರಗಿನ ಲೋಕಕ್ಕೆ ಹೊಂದಿಕೊಳ್ಳಲಾಗದೆ ಒದ್ದಾಡುವ ಭಾಗವನ್ನು ನೋಡಬೇಕು. ಹಣ ಬಂದಿದೆ, ಬಿಡುಗಡೆ ಬಂದಿದೆ, ಆದರೆ ಮಾತಾಡಲು ಜನವಿಲ್ಲ. ಹೋದ ವರ್ಷಗಳನ್ನು ಯಾರೂ ವಾಪಸು ಕೊಡಲಾರರು ಎಂಬುದನ್ನು ಷೀಲಾ ಅಳದೆ ತೋರಿಸುತ್ತಾರೆ. ಟಿವಿ ಪ್ರಶಸ್ತಿಯಾದ ‘ಲೋಗಿ’ ಈ ಪಾತ್ರಕ್ಕಾಗಿ ಅವರಿಗೆ ಬಂತು. 1984ರಲ್ಲಿ ಅವರು ಧಾರಾವಾಹಿಯಿಂದ ಹೊರಬಂದರು.

ಆಮೇಲಿನ ಷೀಲಾ ಅವರನ್ನು ಹುಡುಕಲು ನಿರ್ದೇಶಕ ಪಾಲ್ ಕಾಕ್ಸ್ ಅವರ ಚಿತ್ರಗಳಿಗೆ ಹೋಗಬೇಕು. ಫ್ರಾನ್ಸಿನ ಇಸಬೆಲ್ ಹೂಪೇರ್ ನಟಿಸಿದ ‘ಕ್ಯಾಕ್ಟಸ್’ (1986) ಚಿತ್ರದಲ್ಲಿ ಷೀಲಾ ಅವರ ಪಾತ್ರದ ಹೆಸರು ಮಾರ್ಥಾ. ಐದು ವರ್ಷದ ನಂತರದ ‘ಎ ವುಮನ್ಸ್ ಟೇಲ್’ ಚಿತ್ರದಲ್ಲೂ ಮಾರ್ಥಾ. ಈ ಸಲ ಅವರೇ ಚಿತ್ರದ ಕೇಂದ್ರ. ಕಾಕ್ಸ್ ಮತ್ತು ಬ್ಯಾರಿ ಡಿಕಿನ್ಸ್ ಸೇರಿ ಬರೆದ ಕಥೆ. ಎಂಬತ್ತರ ಹತ್ತಿರದ ಮಾರ್ಥಾಗೆ ಕ್ಯಾನ್ಸರ್. ನಗರದ ಒಂದು ಫ್ಲ್ಯಾಟಿನಲ್ಲಿ ಒಬ್ಬಂಟಿ ವಾಸ. ಮಗ ವೃದ್ಧಾಶ್ರಮದ ಮಾತೆತ್ತುತ್ತಾನೆ, ಇವಳು ಜಗ್ಗುವುದಿಲ್ಲ. ನೆರೆಯ ಮುದುಕ ಬಿಲ್ಲಿಯನ್ನು ತನಗೇ ನಿಲ್ಲಲಾಗದ ಸ್ಥಿತಿಯಲ್ಲೂ ನೋಡಿಕೊಳ್ಳುತ್ತಾಳೆ. ಮನೆಗೆ ಬರುವ ದಾದಿ ಆ್ಯನಾ (ಗೋಶಿಯಾ ದೊಬ್ರೊವೋಲ್ಸ್ಕಾ) ಪ್ರಿಯಕರನನ್ನು ಭೇಟಿಯಾಗಲು ಜಾಗವಿಲ್ಲದೆ ಪರದಾಡುವಾಗ ತನ್ನ ಹಾಸಿಗೆಯನ್ನೇ ಬಿಟ್ಟುಕೊಡುತ್ತಾಳೆ.

ಚಿತ್ರೀಕರಣದ ಹೊತ್ತಿಗೆ ಷೀಲಾ ಅವರಿಗೂ ಕ್ಯಾನ್ಸರ್ ಇತ್ತು. ಅದು ಅವರಿಗೂ ಗೊತ್ತಿತ್ತು, ಕಾಕ್ಸ್‌ಗೂ ಗೊತ್ತಿತ್ತು. ಬಾಂಬು ದಾಳಿಯಲ್ಲಿ ಮಗುವನ್ನು ಕಳೆದುಕೊಂಡ ನೆನಪನ್ನು ಮಾರ್ಥಾ ಹೇಳುತ್ತಾಳೆ. ಸಂಶೋಧಕನಾಗಿ ನಾನು ಇಲ್ಲಿ ನಿಧಾನಿಸಲೇಬೇಕಾಯಿತು. ಸಿನಿಮಾದ ಪಾತ್ರ ಆಡಿದ ಮಾತನ್ನು ನಟಿಯ ಆತ್ಮಕಥೆಯೆಂದು ಉಲ್ಲೇಖಿಸುವಂತಿಲ್ಲ. ಬರೆದವರು ಬೇರೆ, ಸಂಕಲಿಸಿದವರು ಬೇರೆ. ಆದ್ದರಿಂದಲೇ ಯುದ್ಧದ ರಿಜಿಸ್ಟರುಗಳೂ ಜೀವನಚರಿತ್ರೆಯೂ ಬೇಕಾದದ್ದು. ಅವು ಜೊತೆಗಿದ್ದಾಗ ಈ ದೃಶ್ಯವನ್ನು ದಾಖಲೆಯೆಂದೇ ಓದಬಹುದು. ರಿಜಿಸ್ಟರು ಕೊಟ್ಟದ್ದು ಸಾವಿನ ವಿವರ. ಆ ಸಾವನ್ನು ಒಬ್ಬ ತಾಯಿ ಅರ್ಧ ಶತಮಾನ ಹೊತ್ತ ರೀತಿ ಈ ಚಿತ್ರದಲ್ಲಿ ಮಾತ್ರ ಇದೆ. ಅಳಿಸಿಹೋದ ರಂಗ, ಅಳಿಸಿಹೋದ ಬೆಲ್‌ಬರ್ಡ್ ಎಲ್ಲದರ ಕಸುಬು ಆ ಕೆಲವು ನಿಮಿಷಗಳಲ್ಲಿ ಕೆಲಸ ಮಾಡುತ್ತಿದೆ: ದನಿ ಏರುವುದಿಲ್ಲ, ಕೈ ಹೆಚ್ಚು ಆಡುವುದಿಲ್ಲ, ಕ್ಯಾಮೆರಾ ಎಷ್ಟು ಹತ್ತಿರ ಬಂದರೂ ಮುಖ ತಪ್ಪಿಸಿಕೊಳ್ಳುವುದಿಲ್ಲ.

ಈ ಪಾತ್ರಕ್ಕೆ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಅತ್ಯುತ್ತಮ ನಟಿ ಪ್ರಶಸ್ತಿ 1991ರಲ್ಲಿ ಅವರಿಗೆ ಬಂತು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 12ರಂದು, 75ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಚಿತ್ರವನ್ನು ಬಹುವಾಗಿ ಮೆಚ್ಚಿ ಬರೆದರು.

ಷೀಲಾ ಅವರನ್ನು ಈಗ ನೋಡಬಯಸುವವರು ಮ್ಯಾಡ್ ಮ್ಯಾಕ್ಸ್‌ನಿಂದ ಶುರು ಮಾಡಬಹುದು, ಅಮೆರಿಕದ ಡಬ್ಬಿಂಗ್ ಇಲ್ಲದ ಮೂಲ ದನಿಯದನ್ನೇ ಆರಿಸಿಕೊಳ್ಳಬೇಕು. ಆಮೇಲೆ ಹೋಮಿಸೈಡ್ ಕಾಲದ ಒಂದೆರಡು ಕಂತು, ಪ್ರಿಸನರ್‌ನಲ್ಲಿ ಲಿಜ್ಜಿ ಹೊರಲೋಕಕ್ಕೆ ಹೋಗಿ ಸೋಲುವ ಭಾಗ. ಕೊನೆಗೆ ಎ ವುಮನ್ಸ್ ಟೇಲ್. ನಾನು ಮಾತ್ರ ಮುಂದಿನ ಸರದಿಯಲ್ಲಿ ಎಬಿಸಿಯ ಹಸ್ತಪ್ರತಿಗಳಿಗೆ ಹೋಗುವವನಿದ್ದೇನೆ, ಡಾಸಿಯ ಮಾತುಗಳನ್ನು ಹುಡುಕಿಕೊಂಡು.